ದ್ವಾರಕಾಬಾಯಿ ಕಲಿತ ಫಿರಂಗಿ ಮಾತು

ಅನಮೋಡದಲ್ಲಿ, ಗೋವೆಯ ಗಡಿಯ ಸುಂಕದ ನಾಕಾದ ಬಳಿ ನಮ್ಮ ಅಜ್ಜಿ ಮಹಾದೇವಕ್ಕ ಒಂದು ಖಾನಾವಳಿ ನಡೆಸುತ್ತಿದ್ದಳು. ಅದರ ಹಿತ್ತಲಲ್ಲಿ ಮುಂಡಗೋಡದ ಹತ್ತಿರದ ಇಂದೂರ ಕಡೆಯ ಒಬ್ಬ ಲಂಬಾಣಿ ಹೆಂಗಸು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತ ಪೋರ್ಚುಗೀಸ್ ವ್ಯಾಕರಣ ಒಪ್ಪಿಸುತ್ತಿದ್ದಳು ಎಂದರೆ ಜನ ನನ್ನ ಮುಖ ನೋಡುತ್ತಾರೆ. ನೋಡಲಿ. ನಮ್ಮಜ್ಜಿ ಸುಳ್ಳು ಹೇಳುವವಳಲ್ಲ. ಹೇಳುವುದಿದ್ದರೆ ಇದಕ್ಕಿಂತ ಚೆಂದದ ಸುಳ್ಳು ಹೇಳುತ್ತಿದ್ದಳು. ಈ ಕಥೆಯಲ್ಲಿ ಯಾರಿಗೂ ಅಂಥ ಒಳ್ಳೆಯದೇನೂ ಆಗುವುದಿಲ್ಲ. ಮೊದಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಆ ಹೆಂಗಸಿನ ಹೆಸರು ದ್ವಾರಕಾಬಾಯಿ. ಗಂಡ ರೂಪ್ಲಪ್ಪ. ಮಕ್ಕಳಿರಲಿಲ್ಲ. ಅವರ ತಾಂಡಾದ ಹಿರಿಯರು ಎತ್ತುಗಳ ಬೆನ್ನ ಮೇಲೆ ದವಸ ಹೇರಿಕೊಂಡು ಘಾಟಿ ಇಳಿದು, ಗೋವೆಯ ಉಪ್ಪು ಹೇರಿಕೊಂಡು ಮೇಲೆ ಬರುತ್ತಿದ್ದವರು. ರೈಲು ಬಂದ ಮೇಲೆ ಆ ಕಸುಬು ಮಲಗಿತು. ಉಳಿದದ್ದು ಹೊಲದ ಕೂಲಿ. ಎರಡನೆಯ ಮಹಾಯುದ್ಧ ಶುರುವಾಗಿ ಎಲ್ಲದಕ್ಕೂ ಬರಗಾಲ ಬಂದಾಗ ರೂಪ್ಲಪ್ಪನಿಗೂ ಅವನ ತಮ್ಮ ಡಾಕಪ್ಪನಿಗೂ ಹಳೆಯ ಕಾಲುದಾರಿಗಳ ನೆನಪಾಯಿತು. ಕೆಳಗೆ ಪೋರ್ಚುಗೀಸರ ರಾಜ್ಯದಲ್ಲಿ ತಂಬಾಕಿಗೆ ಸುಂಕ ಜಾಸ್ತಿ. ಕದ್ದು ಇಳಿಸಿದರೆ ಹೊಟ್ಟೆ ತುಂಬುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ನಾಲ್ಕಾರು ಜನ ಕೂಡಿ ಹೊರಟರು. ಕಾಡಿನಲ್ಲಿ ಸಿಪಾಯಿಗಳು ಅಡ್ಡಗಟ್ಟಿದರು. ಡಾಕಪ್ಪ ಪೊದೆಯಲ್ಲಿ ಬಿದ್ದು ಪಾರಾದ. ರೂಪ್ಲಪ್ಪ ತನ್ನ ಬಿಳಿ ಎತ್ತಿನ ಹಗ್ಗ ಬಿಡಲಾರದೆ ಸಿಕ್ಕಿಬಿದ್ದ.

ಸುದ್ದಿ ಕೇಳಿ ದ್ವಾರಕಾಬಾಯಿ ಇಂದೂರ ಬಿಟ್ಟು, ಕಟ್ಟಿಗೆ ಸಾಗಿಸುವ ಗಾಡಿಗಳ ಹಿಂದೆ ಹಿಂದೆ ಅನಮೋಡಕ್ಕೆ ಬಂದಳು. ಅಜ್ಜಿ ಅವಳನ್ನು ಪಾತ್ರೆ ತಿಕ್ಕಲು ಇಟ್ಟುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಮಳೆ ಹಿಡಿಯುವುದರೊಳಗೆ ಗಂಡನನ್ನು ಬಿಡಿಸಿಕೊಂಡು ಹೋಗಬೇಕು. ಮಳೆಗಾಲದಲ್ಲಿ ಘಾಟಿಯ ಬುಡದಲ್ಲಿ ಚಳಿಜ್ವರ ಬಂದರೆ ಮನೆಯಲ್ಲಿದ್ದವರೇ ಉಳಿಯುವುದಿಲ್ಲ, ಇನ್ನು ಸೆರೆಯಲ್ಲಿದ್ದವರ ಪಾಡು ಕೇಳಬೇಕೆ?

ಬಿಡಿಸಿಕೊಳ್ಳುವುದು ಕಷ್ಟದ ಕೆಲಸವಾಗಿರಲಿಲ್ಲ. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಅದೇ. ಘಾಟಿ ಕೆಳಗೆ ಪೋರ್ಚುಗೀಸರ ಒಂದು ಚೌಕಿ, ಅದರ ಹಿಂದೆ ಉದ್ದನೆಯ ಹೆಂಚಿನ ಕೊಟ್ಟಿಗೆ. ಸಣ್ಣಪುಟ್ಟ ಕಳ್ಳಸಾಗಣೆಯವರನ್ನು ಅಂಥ ಕೊಟ್ಟಿಗೆಗಳಲ್ಲಿ ಕೂಡಿಹಾಕಿ ರಸ್ತೆಗೆ ಕಲ್ಲು ಒಡೆಸುತ್ತಿದ್ದರು. ಶುಕ್ರವಾರ ಮನೆಯವರು ಹೋಗಿ ಅಧಿಕಾರಿಯ ಮುಂದೆ ನಿಂತು ತಮ್ಮವನ ಹೆಸರು ಹೇಳಬೇಕು. ಸಿಪಾಯಿ ಕೊಟ್ಟಿಗೆಯ ಕಡೆ ತಿರುಗಿ ಆ ಹೆಸರು ಕೂಗುತ್ತಾನೆ. ಒಳಗಿದ್ದವನು ಓಗೊಟ್ಟು ಹೊರಗೆ ಬರುತ್ತಾನೆ. ಮತ್ತೆ ಈ ಕಡೆ ಇಳಿಯುವುದಿಲ್ಲ ಎಂದು ಇಬ್ಬರೂ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಎತ್ತು, ಸರಕು ಮಾತ್ರ ಅವರಿಗೆ. ಚೀಟಿ ಬರೆದು ಕಳಿಸಿದರೆ ನಡೆಯುತ್ತಿರಲಿಲ್ಲ, ಯಾರದೋ ಚೀಟಿ ತೋರಿಸಿ ಇನ್ಯಾರನ್ನೋ ಬಿಡಿಸಿಕೊಂಡು ಹೋದ ದಲ್ಲಾಳಿಗಳು ಆ ದಾರಿ ಕೆಡಿಸಿಟ್ಟಿದ್ದರು. ಹೊಸದಾಗಿ ಬಂದ ಅಧಿಕಾರಿ ದುಭಾಷಿಗಳನ್ನೂ ಓಡಿಸಿದ್ದ. ಮನೆಯವರೇ ಬರಬೇಕು, ಬಾಯಿಬಿಟ್ಟು ಹೇಳಬೇಕು. ಅಲ್ಲಿ ಗದ್ದಲ ಮಾಡಿದವರನ್ನು ಮತ್ತೆ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೆಸರು ಕೂಗದೆ ಒಳಗಿನಿಂದ ಓಗೊಟ್ಟವನಿಗೆ ಬೆತ್ತದ ಏಟು.

ಹಳಿಯಾಳದಿಂದ, ಮುಂಡಗೋಡದಿಂದ ಅಪ್ಪಂದಿರು ಬಂದರು, ಅಣ್ಣಂದಿರು ಬಂದರು. ಒಂದು ಅಕ್ಷರ ಪೋರ್ಚುಗೀಸ್ ಬಾರದವರು, ಹೆಸರು ಹೇಳಿ ತಮ್ಮವರನ್ನು ಕರೆದುಕೊಂಡು ಹೋದರು. ರೂಪ್ಲಪ್ಪನಿಗೆ ಅಪ್ಪ ಇಲ್ಲ. ತಮ್ಮ ಡಾಕಪ್ಪನ ಮುಖವನ್ನು ಸಿಪಾಯಿಗಳು ಕಂಡಿದ್ದರು, ಅವನು ಇಳಿದರೆ ಅವನೂ ಒಳಗೆ. ಉಳಿದವಳು ಹೆಂಡತಿ. ಆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ.

ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತು ನಮ್ಮ ಕಡೆ ಹೊಸದಲ್ಲ. ನಮ್ಮಜ್ಜಿಯೂ ತಾತನನ್ನು 'ನಮ್ಮ ಮನಿಯವ್ರು' ಎಂದೇ ಕರೆದು ಜೀವ ಸವೆಸಿದವಳು. ಆದರೆ ದ್ವಾರಕಾಬಾಯಿಗೆ ಇದು ಬರೀ ಕೇಳಿದ ಮಾತಲ್ಲ. ಅವಳು ಹುಡುಗಿಯಾಗಿದ್ದಾಗ ಅವಳವ್ವ ಒಂದು ಜಗಳದಲ್ಲಿ ಸಿಟ್ಟಿನ ಭರದಲ್ಲಿ ಗಂಡನ ಹೆಸರು ಹಿಡಿದು ಬೈದಿದ್ದಳು. ಅದೇ ಸುಗ್ಗಿಯಲ್ಲಿ ಹುಲ್ಲಿನ ಬಣವೆ ಎಳೆಯುವಾಗ ಅಪ್ಪನಿಗೆ ಹಾವು ಕಚ್ಚಿತು. ತಾಂಡಾದ ಹೆಂಗಸರು ಹೆಣದ ಮುಂದೆಯೇ ಅವ್ವನಿಗೆ ಅಂದರು, ನೀನೇ ಕೊಂದೆ ಎಂದು. ಅವ್ವ ಸಾಯುವವರೆಗೂ ಅದಕ್ಕೆ ಎದುರಾಡಲಿಲ್ಲ. ಇದನ್ನು ಕಣ್ಣಾರೆ ಕಂಡು ಬೆಳೆದವಳಿಗೆ, ಹೆಸರು ಹೇಳು ಎಂದರೆ ಕತ್ತು ಹಿಸುಕು ಎಂದಂತೆ ಕೇಳುತ್ತಿತ್ತು.

ಅಜ್ಜಿ ಬೈದಳು, ರಮಿಸಿದಳು, ದೇವರ ಮೇಲೆ ಆಣೆ ಹಾಕಿದಳು. ಕೊನೆಗೆ ತಾನೇ ಘಾಟಿ ಇಳಿದು ಕೈಮುಗಿದು ಬಂದಳು. ಅವಳ ಖಾನಾವಳಿಯ ಊಟ ಉಂಡ ಸಿಪಾಯಿಗಳೇ ಅಲ್ಲಿದ್ದರು, ಗುರುತು ಹಿಡಿದು ನಕ್ಕರು. ನೀನು ಅವನ ಮನೆಯವಳಲ್ಲ, ಹೆಂಡತಿಯೇ ಬರಲಿ ಎಂದು ಕಳಿಸಿಬಿಟ್ಟರು.

ಆಗ ಈ ಕಥೆಯೊಳಗೆ ಅಬ್ದುಲ್ ರಜಾಕ ಬಂದ. ಬಾರದಿದ್ದರೆ ಚೆನ್ನಾಗಿತ್ತು. ಖಾನಾವಳಿಯ ಎದುರಿಗೆ ಅವನದು ಒಣಮೀನು, ಚಿಮಣಿ ಎಣ್ಣೆಯ ಅಂಗಡಿ. ಅವನಪ್ಪ ಒಂದು ಕಾಲದಲ್ಲಿ ಘಾಟಿ ಕೆಳಗೆ ಅಂಗಡಿ ಇಟ್ಟಿದ್ದ. ರಜಾಕ ಅಲ್ಲಿಯ ಪೋರ್ಚುಗೀಸ್ ಶಾಲೆಯಲ್ಲಿ ಏಟು ತಿಂದು ವ್ಯಾಕರಣ ಕಲಿತವನು. ಸುಂಕದವರೊಂದಿಗೆ ಕೈಕೈ ಮಿಲಾಯಿಸಿ ಮತ್ತೆ ಗಡಿ ದಾಟಬಾರದೆಂದು ಅನ್ನಿಸಿಕೊಂಡು ಮೇಲೆ ಬಂದಿದ್ದ. ಕಲಿತ ಭಾಷೆಗೆ ಗಿರಾಕಿಯಿಲ್ಲದೆ ಒದ್ದಾಡುತ್ತಿದ್ದ ಪ್ರಾಣಿ. ಒಳ್ಳೆಯ ಮನುಷ್ಯನೇ. ಕೂತು ಕೇಳುವವರು ಸಿಕ್ಕರೆಂದು ಹಿಗ್ಗಿಬಿಟ್ಟ, ಅಷ್ಟೇ ಅವನ ತಪ್ಪು.

ಹೆಸರು ಹೇಳದೆಯೇ ಮನುಷ್ಯನನ್ನು ಹಿಡಿದು ನಿಲ್ಲಿಸುವ ಉಪಾಯ ಆ ಭಾಷೆಯಲ್ಲಿದೆ, ನಾನು ಕಲಿಸುತ್ತೇನೆ ಎಂದ. ದ್ವಾರಕಾಬಾಯಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಅವನು ತಕ್ಕಡಿಯ ಹಿಂದೆ ಕುಳಿತು ಮೊದಲ ಪಾಠ ಹೇಳಿದ.

"ನೋಡ ಬೇಟಿ, ನಮ್ಮ ಮಾತಿನಾಗ ಹೇರೆಲ್ಲಾ ಮುಂದ, ಎತ್ತು ಹಿಂದ. 'ಕಾಡಿನಾಗ ನೀವು ಹಿಡದ ಮನಿಷ್ಯಾ' ಅಂತೀವಿ. ಮನಿಷ್ಯಾ ಕಡೀಕ ಬರ್ತಾನ. ಅವರದು ಉಲ್ಟಾ. ಮೊದಲ ಮನಿಷ್ಯಾನ್ನ ತಂದ ನಿಂದರಸ್ತಾರ, 'ಓಮೆಂ' ಅಂತ. ಆಮ್ಯಾಲೆ 'ಕೆ' ಅಂತ ಒಂದ ಗಂಟು. ಆ ಗಂಟಿನ ಹಿಂದ ಏನ ಬೇಕಾದ್ರೂ ಹೇರು, ಹೊರತೈತಿ."

ಓ ಓಮೆಂ ಕೆ ಪ್ರೆಂದೇರಾಂ. ಮನುಷ್ಯ, ಯಾರನ್ನು ಹಿಡಿದರೋ ಅವನು. ಕನ್ನಡದಲ್ಲಿ ಹೀಗೆ ಬರೆದರೆ ಮಾಸ್ತರರು ಕೆಂಪು ಗೆರೆ ಎಳೆಯುತ್ತಾರೆ. ಅವರಲ್ಲಿ ಇದೇ ಸರಿ. 'ಕೆ' ಎಂಬುದು ಬಲು ಸಡಿಲ ಗಂಟು. ಗಂಡಸಾದರೂ ಅದೇ, ಹೆಂಗಸಾದರೂ ಅದೇ, ಎತ್ತು, ಕಲ್ಲು, ಒಂದು, ಹತ್ತು, ಯಾವುದಕ್ಕೂ ಬದಲಾಗದು. ರಜಾಕ ಅಂಗಡಿಯ ಸಾಮಾನನ್ನೆಲ್ಲ ಅದಕ್ಕೆ ಕಟ್ಟಿ ತೋರಿಸಿದ. ಮೀನು, ಯಾವುದು ಒಣಗಿದೆಯೋ ಅದು. ಡಬ್ಬಿ, ಯಾವುದು ಸೋರುತ್ತದೆಯೋ ಅದು. ದ್ವಾರಕಾಬಾಯಿ ಹಿತ್ತಲಿಗೆ ಬಂದು ಪಾತ್ರೆಗಳಿಗೆಲ್ಲ ಗಂಟು ಹಾಕಿದಳು.

ಎರಡನೆಯದು 'ಕೆಂ'. ಒಡನೆ, ಇಂದ, ಗೆ ಎಂಬ ಅರ್ಥದ ಸಣ್ಣ ಮಾತುಗಳನ್ನು ನಾವು ಹೆಸರಿನ ಬಾಲಕ್ಕೆ ಅಂಟಿಸುತ್ತೇವೆ. ಅವರು ಮುಂದೆ ಇಡುತ್ತಾರೆ. ಹಾಗೆ ಮುಂದೆ ಒಂದು ಮಾತು ಬಂದಾಗ, ಮನುಷ್ಯರಾದರೆ 'ಕೆ' ಬಿಟ್ಟು 'ಕೆಂ' ಅನ್ನಬೇಕು. ಕೊಂ ಕೆಂ, ಅಂದರೆ ಯಾರೊಡನೆಯೋ ಅವನು. ಎತ್ತಿಗೆ, ಕೊಡಲಿಗೆ 'ಕೆಂ' ಸಲ್ಲದು. ಜಾಗಕ್ಕಾದರೆ 'ಓಂದೆ', ಯಾವಲ್ಲಿಯೋ ಅಲ್ಲಿ. ಇದನ್ನೆಲ್ಲ ಅವಳು ಬೇಗ ಹಿಡಿದಳಂತೆ. ಓದು ಬರಹವಿಲ್ಲದವಳಿಗೆ ಹಾಡು ಕಲಿತ ಹಾಗೆ ಬಂತು.

ತೊಡಕಾದದ್ದು 'ಕೂಜು'. ಯಾರದೋ ಅವನು ಎಂಬರ್ಥ. ಯಾರ ಎತ್ತು, ಯಾರ ಮನೆ, ಯಾರ ಕಿವಿ. ರೂಪ್ಲಪ್ಪನ ಎಡಗಿವಿ ಹರಿದಿತ್ತು. ಅದು ಒಳ್ಳೆಯ ಗುರುತಾಗಿತ್ತು. ಗಂಡಸಿನ ಕಿವಿ ತಾನೇ ಎಂದು ಅವಳು ಗಂಡಸಿನ ರೂಪದಲ್ಲಿ 'ಕೂಜು' ಅಂದಳು. ರಜಾಕ ತಕ್ಕಡಿಯ ಕೋಲಿನಿಂದ ಹಲಗೆ ಕುಟ್ಟಿದ. ಒಡೆಯ ಯಾರೆಂದು ಆ ಮಾತು ಕೇಳುವುದಿಲ್ಲ, ಒಡವೆ ಏನೆಂದು ಕೇಳುತ್ತದೆ. ಆ ಭಾಷೆಯಲ್ಲಿ ಕಿವಿ ಹೆಣ್ಣು, ಹಾಗಾಗಿ 'ಕೂಜಾ'. ಎತ್ತು ಗಂಡು, ಅದಕ್ಕೆ 'ಕೂಜು'. ಎತ್ತುಗಳು ಬಹಳವಿದ್ದರೆ ಅದೂ ಬಹಳವಾಗುತ್ತದೆ. ಒಡವೆಯ ಹೆಸರಿನ ಮುಂದೆ ಸಾಮಾನ್ಯವಾಗಿ ಬರುವ 'ಓ', 'ಆ' ಎಂಬ ಕಿರುಮಾತುಗಳನ್ನು ಇದರ ಹಿಂದೆ ಸೇರಿಸಬಾರದು. ಗಂಡಸಿನ ಕಿವಿ ಹೆಣ್ಣು ಹೇಗಾಯಿತೆಂದು ದ್ವಾರಕಾಬಾಯಿ ಅವತ್ತು ನಕ್ಕಳಂತೆ. ಅನಮೋಡಕ್ಕೆ ಬಂದ ಮೇಲೆ ಅವಳು ನಕ್ಕದ್ದನ್ನು ಅಜ್ಜಿ ನೋಡಿದ್ದು ಅದೊಂದೇ ಸಲ.

ಹೋಳಿಯ ಹೊತ್ತಿಗೆ ಮಾತು ಸಿದ್ಧವಾಯಿತು. ನೀವು ಹಿಡಿದ ಆ ಮನುಷ್ಯ, ಯಾರೊಡನೆ ನಾನು ಬಾಳುತ್ತೇನೋ ಅವನು, ಯಾರ ಎಡಗಿವಿ ಹರಿದಿದೆಯೋ ಅವನು, ಯಾರ ಎತ್ತು ಬಿಳಿಯದೋ ಅವನು, ಅವನನ್ನು ಕೊಡಿ. ಇಷ್ಟನ್ನೂ ಒಂದೇ ಉಸಿರಿನಲ್ಲಿ, ಒಂದು ತಪ್ಪಿಲ್ಲದೆ. ಶುಕ್ರವಾರ ಬೆಳಿಗ್ಗೆ ಘಾಟಿ ಇಳಿದಳು.

ಅಧಿಕಾರಿ ಕೇಳಿ ಬೆರಗಾದ. ಚೌಕಿಯೊಳಗಿದ್ದ ಸಿಪಾಯಿಗಳನ್ನೂ ಕರೆದು ಇನ್ನೊಮ್ಮೆ ಹೇಳಿಸಿದ. ಗಾಜಿನ ಬಳೆ, ಕನ್ನಡಿಯ ಕುಪ್ಪಸದ ಹೆಂಗಸಿನ ಬಾಯಿಂದ ಅವರೂರಿನ ಪಾದ್ರಿಗಳು ಆಡುವಂಥ ಮಾತು ಬರುವುದು ಅವರಿಗೆ ಮಂಗನ ಆಟವಾಯಿತು. ಚಪ್ಪಾಳೆ ತಟ್ಟಿದರು. ಆಮೇಲೆ ಅಧಿಕಾರಿ ಒಂದೇ ಮಾತು ಕೇಳಿದ, ಹೆಸರು? ಅವಳು ಮತ್ತೆ ಕಿವಿಯಿಂದ ಶುರು ಮಾಡಿದಳು. ಅವನು ಕೈ ಬೀಸಿ ಮುಂದಿನವರನ್ನು ಕರೆದ. ಮುಂದಿನವನು ಯಾರೋ ಮುದುಕ, ಮಗನ ಹೆಸರು ಹೇಳಿದ. ಸಿಪಾಯಿ ಕೂಗಿದ. ಮಗ ಬಂದ.

ಮೇಲೆ ಬಂದು ಅವಳು ರಜಾಕನಿಗೆ ಹೇಳಿದ್ದು, ಗುರುತು ಸಾಲಲಿಲ್ಲ ಚಾಚಾ, ಇನ್ನಷ್ಟು ಹೇಳಿಕೊಡು ಎಂದು. ಅವನು ಹೇಳಿಕೊಟ್ಟ. ಹುಟ್ಟಿದ ಊರು ಬಂತು, ಬೆನ್ನ ಮೇಲಿನ ಮಚ್ಚೆ ಬಂತು, ಅವನ ಸತ್ತ ಅವ್ವ ಬಂದಳು. ಪ್ರತಿ ಶುಕ್ರವಾರ ಮಾತು ಉದ್ದವಾಯಿತು. ಚೌಕಿಯವರು ಅವಳಿಗಾಗಿ ಕಾಯುವುದೂ ಆಯಿತು, ಬೇಸತ್ತು ದೂರದಿಂದಲೇ ಓಡಿಸುವುದೂ ಆಯಿತು. ರಜಾಕನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ. ಅಜ್ಜಿ ಎಂದೋ ಹೇಳಿದ್ದಳು, ನಿನ್ನ ಗಂಟುಗಳನ್ನೆಲ್ಲ ಒಲೆಗೆ ಹಾಕು, ಅವಳಿಗೆ ಹೆಸರು ಹೇಳುವ ಧೈರ್ಯ ಕಲಿಸು ಎಂದು. ಅವನು, ಇನ್ನೊಂದು ವಾರ ನೋಡೋಣ ಎಂದ. ಅಂಥ ಶಿಷ್ಯೆ ಅವನಿಗೆ ಮತ್ತೆ ಸಿಗುವಂತಿರಲಿಲ್ಲ.

ಮಳೆ ಬಂತು. ಕಾಡಿನ ಹಳ್ಳಗಳು ಉಕ್ಕಿ, ದಾರಿಯ ಮೇಲೆ ಮಣ್ಣು ಕುಸಿದು, ಘಾಟಿಯ ನಡಿಗೆ ನಿಂತಿತು. ದ್ವಾರಕಾಬಾಯಿ ಹಿತ್ತಲಲ್ಲಿ ಗೋಣಿಚೀಲ ಹೊದ್ದುಕೊಂಡು ಪಾತ್ರೆ ತಿಕ್ಕಿದಳು. ಮಾತನ್ನು ಮರೆಯದಂತೆ ದಿನವೂ ಒಪ್ಪಿಸಿಕೊಂಡಳು. ಶ್ರಾವಣ ಕಳೆದು ಗಣೇಶ ಚೌತಿಯ ಆಸುಪಾಸಿಗೆ ಕೆಳಗಿನಿಂದ ಮೊದಲ ಗಾಡಿ ಹತ್ತಿ ಬಂತು. ಕೊಟ್ಟಿಗೆಗಳಲ್ಲಿ ಜ್ವರ ಬಿದ್ದಿದೆ ಎಂದು ಗಾಡಿಯವನು ಊಟ ಮಾಡುತ್ತ ಹೇಳಿದ. ದ್ವಾರಕಾಬಾಯಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಆ ದಿನ ಅವಳು ಬಾಯಿಗೆ ನೀರೂ ಹಾಕಲಿಲ್ಲ. ಸಂಜೆ ಅಜ್ಜಿಯ ಬಳಿ ಬಂದು ಕುಳಿತಳು.

"ಅಕ್ಕಾ, ಹೆಸರ ಹೇಳಿದ್ರ ಎಷ್ಟ ಆಯುಷ್ಯ ಕಮ್ಮಿ ಆಕ್ಕೈತಿ?"

ಅಜ್ಜಿ, ಜ್ವರಕ್ಕಿಂತ ಕಡಿಮೆಯೇ ಇರಬೇಕು ಎಂದಳಂತೆ.

ಶುಕ್ರವಾರ ಇಬ್ಬರೂ ಇಳಿದರು. ಜಿಗಣೆ ಕಿತ್ತು ಎಸೆಯುತ್ತ, ಕಾಲೆಲ್ಲ ರಕ್ತ ಮಾಡಿಕೊಂಡು ಚೌಕಿ ಮುಟ್ಟಿದರು. ಅಧಿಕಾರಿ ಅವಳನ್ನು ಕಂಡು, ಈಗ ಮಾತು ಎಷ್ಟು ಬೆಳೆದಿದೆಯೋ ನೋಡೋಣ ಎಂಬಂತೆ ಕುರ್ಚಿಗೆ ಒರಗಿದ. ದ್ವಾರಕಾಬಾಯಿ ಪೋರ್ಚುಗೀಸಿನಲ್ಲಿ ಏನೂ ಹೇಳಲಿಲ್ಲ. ಕಣ್ಣು ಮುಚ್ಚಿದಳು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲಕ್ಕೆ, "ರೂಪ್ಲಪ್ಪ" ಎಂದಳು.

ಸಿಪಾಯಿ ಕೊಟ್ಟಿಗೆಯ ಕಡೆ ತಿರುಗಿ ಕೂಗಿದ. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದ. ಒಳಗಿನಿಂದ ಬೇರೆ ಯಾರದೋ ದನಿ ಕನ್ನಡದಲ್ಲಿ ಬಂತು, ಅವನು ಆಷಾಢದಲ್ಲೇ ಹೋದ ಎಂದು. ಸಿಪಾಯಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವರಿಗೆ ಆಯಿತು. ದ್ವಾರಕಾಬಾಯಿ ಅಳಲಿಲ್ಲ. ಅಧಿಕಾರಿಯ ಕಡೆ ನೋಡಿ "ಓಂದೆ" ಎಂದು ಕೇಳಿದಳು. ಅಷ್ಟು ತಿಂಗಳು ಕಲಿತದ್ದರಲ್ಲಿ ಅವಳ ಕೆಲಸಕ್ಕೆ ಬಂದದ್ದು ಅದೊಂದೇ ಮಾತು. ಅವನು ಎದ್ದು ನಿಂತು, ಹಲಸಿನ ಮರಗಳ ಕಡೆ ಕೈ ತೋರಿಸಿದ. ಅಲ್ಲಿ ಹೊಸ ಮಣ್ಣಿನ ದಿಬ್ಬಗಳು ಸಾಲಾಗಿದ್ದವು, ಮೇಲೆಲ್ಲ ಆಗಲೇ ಹುಲ್ಲು ಬೆಳೆದಿತ್ತು. ಯಾವುದು ಯಾರದೆಂದು ಅವನಿಗೂ ಗೊತ್ತಿರಲಿಲ್ಲ.

ಒಳಗಿನಿಂದ ಮಾತಾಡಿದವನು ಹಳಿಯಾಳದ ಗಾಡಿಯವ ಶೇಖಪ್ಪ. ದಸರೆಗೆ ಮುಂಚೆ ಅವನ ಅಪ್ಪ ಬಂದು ಬಿಡಿಸಿಕೊಂಡ. ಊರಿಗೆ ಹೋಗುವಾಗ ಖಾನಾವಳಿಯಲ್ಲಿ ಊಟಕ್ಕೆ ನಿಂತವನು, ಎದುರಿಗೆ ತಾಟು ಇಟ್ಟವಳು ರೂಪ್ಲಪ್ಪನ ಹೆಂಡತಿ ಎಂದು ತಿಳಿದಾಗ ಊಟ ಬಿಟ್ಟು ಎದ್ದ. ಅವನು ಹೇಳಿದ್ದನ್ನು ಅಜ್ಜಿ ಯಾವತ್ತೂ ನಡುವೆ ನಿಲ್ಲಿಸದೆ ಹೇಳಿದವಳಲ್ಲ.

ಬೇಸಿಗೆಯಲ್ಲಿ ಅವರಿಬ್ಬರೂ ಕೊಟ್ಟಿಗೆಯಲ್ಲಿ ಪಕ್ಕದಲ್ಲೇ ಇದ್ದರು. ಶುಕ್ರವಾರ ಬಂದರೆ ರೂಪ್ಲಪ್ಪ ಗೋಡೆಗೆ ಕಿವಿಯಿಟ್ಟು ಕುಳಿತುಕೊಳ್ಳುತ್ತಿದ್ದ. ಚೌಕಿಯ ಮುಂದೆ ಒಬ್ಬ ಹೆಂಗಸು ಫಿರಂಗಿಗಳ ಮಾತು ಸರಾಗ ಆಡುವುದು ಅವರಿಗೆ ಕೇಳಿಸುತ್ತಿತ್ತು ಎಂದ ಶೇಖಪ್ಪ.

"ದನಿ ನಮ್ಮಾಕಿದಿದ್ದಂಗ ಐತಿ ಅಂದ. ನಾ ಅಂದೆ, ಹಂಗಾರ ಓ ಅನ್ನು, ಬಡದ್ರ ಬಡೀಲಿ. ಆಂವ, ಖರೆ ನಮ್ಮಾಕಿಗೆ ಆ ಭಾಷಾ ಎಲ್ಲಿಂದ ಬರಬೇಕು, ಯಾರೋ ಗೋವಾದ ಬಾಯಿಸಾಹೇಬ್ರು ಇರಬೇಕು ಅಂದ. ಸುಮ್ಮನ ಕುಂತ."

ಅವಳು ತಪ್ಪಿಲ್ಲದೆ ಕಲಿತದ್ದೇ ಗಂಡನಿಗೆ ಅವಳ ಗುರುತು ಅಳಿಸಿಬಿಟ್ಟಿತ್ತು. ಹರಕು ಮುರುಕು ಆಡಿದ್ದರೂ ಅವನು ಓಗೊಡುತ್ತಿದ್ದನೇನೋ. ಈ ಮಾತು ನೆನೆದಾಗೆಲ್ಲ ನನಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯುವುದಿಲ್ಲ. ಆ ಚೌಕಿಯ ಮೇಲೋ, ರಜಾಕನ ಮೇಲೋ, ಹೆಣದ ಮುಂದೆ ಬಾಯಿ ಬಿಟ್ಟ ತಾಂಡಾದ ಹೆಂಗಸರ ಮೇಲೋ. ರಜಾಕ ಅಂದಿನಿಂದ ಅಂಗಡಿಯಲ್ಲಿ ಯಾರಿಗೂ ಒಂದು ಪೋರ್ಚುಗೀಸ್ ಪದ ಹೇಳಲಿಲ್ಲ. ಎರಡು ವರ್ಷಕ್ಕೆ ಅಂಗಡಿ ಮುಚ್ಚಿ ದಾಂಡೇಲಿ ಕಡೆ ಹೋದ.

ಅಜ್ಜಿ ಅವಳನ್ನು ಸಮಾಧಾನ ಮಾಡಲು ನೋಡಿದಳು. ಅವನು ಸತ್ತದ್ದು ಆಷಾಢದಲ್ಲಿ, ನೀನು ಹೆಸರು ಹೇಳಿದ್ದು ಚೌತಿ ಕಳೆದ ಮೇಲೆ, ನಿನ್ನ ಬಾಯಿಂದ ಅವನಿಗೆ ಏನೂ ಆಗಿಲ್ಲ ಎಂದಳು.

"ಹಂಗಾರ ಹೇಳದಿದ್ರೂ ಸಾಯ್ತಾರ," ಎಂದಳು ದ್ವಾರಕಾಬಾಯಿ. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಇಂದೂರಕ್ಕೆ ಹೋಗಲಿಲ್ಲ. ಡಾಕಪ್ಪ ಕರೆಯಲು ಬಂದಿದ್ದ, ಬರುವುದಿಲ್ಲ ಎಂದಳು. ಬಳೆ ಒಡೆದ ಕೈಯಲ್ಲಿ ಅದೇ ಹಿತ್ತಲಲ್ಲಿ ಪಾತ್ರೆ ತಿಕ್ಕಿದಳು. ಯುದ್ಧ ಮುಗಿದ ಮೇಲೆ ಗಡಿಯಲ್ಲಿ ಹಿಡಿಯುವುದು ಇನ್ನೂ ಜಾಸ್ತಿಯಾಯಿತು. ಅನಮೋಡದಲ್ಲಿ ಫಿರಂಗಿ ಮಾತು ಬಲ್ಲ ಲಂಬಾಣಿ ಹೆಂಗಸೊಬ್ಬಳಿದ್ದಾಳೆ ಎಂದು ಕೇಳಿಕೊಂಡು ಕೆಲವು ಹೆಂಗಸರು ಹುಡುಕಿ ಬರುತ್ತಿದ್ದರು. ಎಲ್ಲರ ಕಷ್ಟವೂ ಅದೇ, ಹೆಸರು ಹೇಳಲಾರರು. ನಮಗೂ ಆ ಉಪಾಯ ಕಲಿಸವ್ವ ಎನ್ನುತ್ತಿದ್ದರು.

ಅಜ್ಜಿ ಕಣ್ಣಾರೆ ಕಂಡು ಹೇಳಿದ್ದು ಹೊಳೆವ್ವ ಎಂಬ ಹುಡುಗಿಯದು. ಮದುವೆಯಾಗಿ ವರ್ಷವಾಗಿರಲಿಲ್ಲ, ಗಾಡಿ ಹೊಡೆಯಲು ಹೋದ ಗಂಡ ಕೆಳಗೆ ಸಿಕ್ಕಿಬಿದ್ದಿದ್ದ. ದ್ವಾರಕಾಬಾಯಿ ಅವಳನ್ನು ಪಾತ್ರೆಗಳ ನಡುವೆ ಕೂರಿಸಿಕೊಂಡಳು.

"ಅವರ ಮಾತಿನಾಗ ಮನಿಷ್ಯಾ ಮೊದಲ ಬರ್ತಾನ," ಎಂದಳು. "ಮೊದಲ ಆಂವನ ಹೆಸರ ಹೇಳು."

ಹೊಳೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. ದ್ವಾರಕಾಬಾಯಿ ಬೂದಿಯ ಕೈಯಲ್ಲೇ ಆ ಸೆರಗು ಹಿಡಿದು ಎಳೆದಳು. ಹುಡುಗಿ ಅತ್ತರೂ ಬಿಡಲಿಲ್ಲ. ಕೊನೆಗೆ ಹೊಳೆವ್ವ ನೆಲ ನೋಡುತ್ತ, ಕೇಳಿಯೂ ಕೇಳದ ಹಾಗೆ ಒಂದು ಹೆಸರು ಹೇಳಿದಳು.

"ಜೋರಾಗಿ ಹೇಳು," ಎಂದಳು ದ್ವಾರಕಾಬಾಯಿ. "ಒಳಗ ಇದ್ದಾಂವಗ ಕೇಳಬೇಕು."